ಪಗಾರ ಚೀಟಿಯ ಇನ್ನೂರು ರೂಪಾಯಿಯ ಹಿಂದೆ ಬರಗಾಲದ ಕಥೆ

ಮುಂಬಯಿ: ನಗರದಲ್ಲಿ ನೌಕರಿ ಮಾಡುವ ಕನ್ನಡಿಗರ ಪಗಾರ ಚೀಟಿಯಲ್ಲಿ ಪ್ರತಿ ತಿಂಗಳೂ ಒಂದು ಸಣ್ಣ ಕಡಿತವಿರುತ್ತದೆ. ಪ್ರಾವಿಡೆಂಟ್ ಫಂಡ್ ಮತ್ತು ಆದಾಯ ತೆರಿಗೆಯ ನಡುವೆ ‘ಪಿ.ಟಿ.’ ಎಂಬ ಎರಡಕ್ಷರ, ಅದರ ಮುಂದೆ 200 ರೂಪಾಯಿ. ಫೆಬ್ರವರಿಯಲ್ಲಿ ಮಾತ್ರ 300. ಬ್ಯಾಂಕಿನ ಗುಮಾಸ್ತರಿಂದ ಹಿಡಿದು ಕಂಪೆನಿಯ ದೊಡ್ಡ ಅಧಿಕಾರಿಯವರೆಗೆ ಅಷ್ಟೇ ಮೊತ್ತ. ಸ್ವಂತ ಹೊಟೇಲು, ಅಂಗಡಿ ನಡೆಸುವವರು ವರ್ಷಕ್ಕೊಮ್ಮೆ 2,500 ರೂ. ಕಟ್ಟಿ ರಸೀದಿಯನ್ನು ಫೈಲಿಗೆ ಸೇರಿಸುತ್ತಾರೆ. ಮೊತ್ತ ಚಿಕ್ಕದಾದ್ದರಿಂದ ಇದು ಏತಕ್ಕೆ, ಯಾರಿಗಾಗಿ ಎಂದು ಕೇಳುವವರು ಕಡಿಮೆ.

ಆದರೆ ವೃತ್ತಿ ತೆರಿಗೆ ಎಂಬ ಈ ಕಡಿತ ಮಹಾರಾಷ್ಟ್ರದಲ್ಲಿ ಆರಂಭವಾದದ್ದು ಬರಗಾಲದಲ್ಲಿ ನೊಂದ ಹಳ್ಳಿಗರಿಗೆ ಕೆಲಸ ಕೊಡುವುದಕ್ಕಾಗಿ. ಬಡತನ ಮತ್ತು ಅಸಮಾನತೆಯ ಕುರಿತು ಅಧ್ಯಯನ ಮಾಡುವ ಅರ್ಥಶಾಸ್ತ್ರಜ್ಞರು ಆ ಯೋಜನೆಯನ್ನು ಹತ್ತಾರು ವರ್ಷ ಕೂಲಂಕಷವಾಗಿ ಪರಿಶೀಲಿಸಿದ್ದಾರೆ. ಉದ್ಯೋಗ ಖಾತರಿಯ ಕಾನೂನು 2025ರ ಡಿಸೆಂಬರ್‌ನಲ್ಲಿ ಬದಲಾದ ಮೇಲೆ ಈ ಹಳೆಯ ಕಥೆಗೆ ಹೊಸ ಮಹತ್ವ ಬಂದಿದೆ.

72ರ ಬರ

ಸಾಂಗ್ಲಿ ಜಿಲ್ಲೆಯವರಾದ ವಿ. ಎಸ್. ಪಾಗೆ ಮಹಾರಾಷ್ಟ್ರ ವಿಧಾನ ಪರಿಷತ್ತಿನ ಸಭಾಪತಿಯಾಗಿದ್ದವರು. ಕೇಳಿದವರಿಗೆಲ್ಲ ಸರಕಾರ ಕೆಲಸ ಕೊಡಬೇಕು ಎಂಬ ವಿಚಾರವನ್ನು ಅವರು 1965ರಲ್ಲಿ ತಾಸಗಾಂವ್ ತಾಲೂಕಿನಲ್ಲಿ ಪ್ರಯೋಗಕ್ಕೆ ತಂದರು. ಅದು ರಾಜ್ಯದ ನೀತಿಯಾಗಲು ಭೀಕರ ಬರವೇ ಬರಬೇಕಾಯಿತು. 1970ರಿಂದ 73ರವರೆಗೆ ಮಳೆ ಕೈಕೊಟ್ಟಿತು. ಹಳಬರು ಇಂದಿಗೂ ಅದನ್ನು ‘72ರ ಬರ’ ಎಂದೇ ನೆನೆಯುತ್ತಾರೆ. ಬರಪೀಡಿತ ಸೊಲ್ಲಾಪುರ, ಸಾಂಗ್ಲಿ ಜಿಲ್ಲೆಗಳ ಗಡಿಯಲ್ಲಿರುವ ಅಕ್ಕಲಕೋಟೆ, ಜತ್ ತಾಲೂಕುಗಳು ಕನ್ನಡ ಮನೆಮಾತಿನವರು ಬಹಳವಾಗಿರುವ ಪ್ರದೇಶ.

ಸರಕಾರ ರಸ್ತೆ, ಕೆರೆ, ಬದುಗಳ ಕೆಲಸ ತೆರೆಯಿತು. ಗಂಡಸರು, ಹೆಂಗಸರು ಮಣ್ಣು ಹೊತ್ತರು, ಖಡಿ ಒಡೆದರು. 1973ರ ಮೇ ತಿಂಗಳಲ್ಲಿ ಈ ಕೆಲಸಗಳಲ್ಲಿದ್ದವರು ಸುಮಾರು 50 ಲಕ್ಷ ಮಂದಿ. ಆ ಬರವನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞ ಜೀನ್ ಡ್ರೆಜ್, ಬೆಳೆ ಭಾರಿ ಪ್ರಮಾಣದಲ್ಲಿ ನಾಶವಾದರೂ ದೊಡ್ಡ ಕ್ಷಾಮ ತಪ್ಪಿದ್ದಕ್ಕೆ ಕೂಲಿಯೇ ಮುಖ್ಯ ಕಾರಣವೆಂದು ತೋರಿಸಿದರು. ಬಡವರ ಕೈಯಲ್ಲಿ ನಾಲ್ಕು ಕಾಸು ಇದ್ದರೆ ಧಾನ್ಯ ತಾನಾಗಿ ಆ ಊರಿಗೆ ಬರುತ್ತದೆ. ಕಾಸಿಲ್ಲದಿದ್ದರೆ ಪೇಟೆಯಲ್ಲಿ ಧಾನ್ಯವಿದ್ದೂ ಹಸಿವು ತಪ್ಪದು ಎಂಬುದು ಅದರ ಸಾರ.

ನಗರದ ಹಣ, ಹಳ್ಳಿಯ ಕೆಲಸ

ಬರದ ಕೆಲಸ ಮುಂದೆ ‘ರೋಜಗಾರ್ ಹಮಿ ಯೋಜನೆ’, ಅಂದರೆ ಉದ್ಯೋಗ ಖಾತರಿ ಯೋಜನೆಯಾಯಿತು. ಅದಕ್ಕೆ ಪ್ರತಿವರ್ಷ ಹಣ ಬೇಕಲ್ಲ? ರಾಜ್ಯವು 1975ರಲ್ಲಿ ವೃತ್ತಿ ತೆರಿಗೆಯ ಕಾನೂನು ಮಾಡಿತು. ವಾಹನ ತೆರಿಗೆ, ಮಾರಾಟ ತೆರಿಗೆಗಳ ಮೇಲೆ ಹೆಚ್ಚುವರಿ ಭಾರ ಹಾಕಿತು, ನೀರಾವರಿ ಜಮೀನಿನಿಂದಲೂ ಪಾಲು ಪಡೆಯಿತು. ಹೀಗೆ ಸಂಗ್ರಹವಾದಷ್ಟೇ ಮೊತ್ತವನ್ನು ಖಜಾನೆಯಿಂದಲೂ ಸೇರಿಸುವ ನಿಯಮವಾಯಿತು. 1977ರಲ್ಲಿ ಅಂಗೀಕಾರವಾದ ಖಾತರಿ ಕಾನೂನು 1979ರ ಜನವರಿ 26ರಂದು ಜಾರಿಗೆ ಬಂತು. ಮುಂಬಯಿಯ ಗಿರಣಿ, ಬ್ಯಾಂಕು, ಕಚೇರಿಗಳಲ್ಲಿ ದುಡಿಯುತ್ತಿದ್ದವರು ತಮಗರಿವಿಲ್ಲದೆಯೇ ಬರದ ಊರಿನ ಕೂಲಿಗೆ ಪಾಲು ನೀಡಿದರು. ಅವರಲ್ಲಿ ಹೊರನಾಡ ಕನ್ನಡಿಗರೂ ಇದ್ದರು.

ಸಂಶೋಧಕರ ಗಮನ ಸೆಳೆದದ್ದು ಇನ್ನೊಂದು ಅಂಶ. ಬಡವರು ಯಾರೆಂದು ಪಟ್ಟಿ ಮಾಡಲು ಹೊರಟರೆ ಶಿಫಾರಸು, ಲಂಚ ನುಸುಳುತ್ತವೆ. ಇಲ್ಲಿ ಪಟ್ಟಿಯ ಅಗತ್ಯವೇ ಇರಲಿಲ್ಲ. ಬಿಸಿಲಲ್ಲಿ ಮಣ್ಣು ಹೊರಲು ಉಳ್ಳವರು ಬರುವುದಿಲ್ಲ. ಬಂದವರೇ ಬಡವರು!

ಆದರೆ ದೋಷವೂ ಕಾಣಿಸಿಕೊಂಡಿತು. 1988ರಲ್ಲಿ ಯೋಜನೆಯ ಕೂಲಿ ಇಮ್ಮಡಿಯಾಯಿತು. ಅನಂತರ ಕೇಳಿದವರಿಗೆಲ್ಲ ಕೆಲಸ ಸಿಗದೆ ಖಾತರಿ ಸಡಿಲವಾಯಿತೆಂದು ಮಾರ್ಟಿನ್ ರವಾಲಿಯನ್, ಗೌರವ್ ದತ್ ಮತ್ತು ಶುಭಂ ಚೌಧುರಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಕೂಲಿ ಏರಿದ್ದು ನ್ಯಾಯವೇ. ಅದಕ್ಕೆ ತಕ್ಕಂತೆ ಹಣ ಹರಿಯದಿದ್ದುದೇ ತೊಡಕು. ಖಾತರಿ ಕಾಗದದಲ್ಲಿದ್ದರೆ ಸಾಲದು, ತಿಜೋರಿಯಲ್ಲೂ ಇರಬೇಕು ಎಂಬುದು ಅಂದು ಕಲಿತ ಪಾಠ.

ಗಡಿ ದಾಟಿದ ಖಾತರಿ

ಮಹಾರಾಷ್ಟ್ರದ ಈ ಅನುಭವವೇ 2005ರ ರಾಷ್ಟ್ರೀಯ ಉದ್ಯೋಗ ಖಾತರಿ ಕಾನೂನಿಗೆ ಮಾದರಿಯಾಯಿತು. ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸದ ಹಕ್ಕನ್ನು ಅದು ನೀಡಿತು. 2006ರ ಫೆಬ್ರವರಿಯಲ್ಲಿ ಮೊದಲ ಹಂತದ 200 ಜಿಲ್ಲೆಗಳಲ್ಲಿ ಕರ್ನಾಟಕದ ಬೀದರ್, ಗುಲ್ಬರ್ಗಾ, ರಾಯಚೂರು, ಚಿತ್ರದುರ್ಗ ಮತ್ತು ದಾವಣಗೆರೆ ಸೇರಿದ್ದವು. ಮುಂಬಯಿ, ಠಾಣೆ, ಪುಣೆಗಳ ನಾಕಾಗಳಲ್ಲಿ ಬೆಳಗ್ಗೆ ಬುತ್ತಿ ಹಿಡಿದು ಕೂಲಿಗಾಗಿ ಕಾಯುವವರಲ್ಲಿ ಇಂದಿನ ಕಲಬುರಗಿ, ವಿಜಯಪುರ ಕಡೆಯ ಕನ್ನಡಿಗರು ಅನೇಕರು. ಊರಿನಲ್ಲಿ ಕೆಲಸ ಸಿಗುವುದು, ಸಿಗದಿರುವುದು ಅವರ ಸಂಸಾರಕ್ಕೆ ನೇರವಾಗಿ ತಟ್ಟುವ ವಿಚಾರ.

ಕೆಲಸಕ್ಕೆ ಹೋಗದವರಿಗೂ ಇದರ ಫಲ ಮುಟ್ಟುತ್ತದೆ. ಕಾರ್ತಿಕ್ ಮುರಳೀಧರನ್, ಪಾಲ್ ನೀಹೌಸ್ ಮತ್ತು ಸಂದೀಪ್ ಸುಖ್ತಂಕರ್ ಅವಿಭಜಿತ ಆಂಧ್ರಪ್ರದೇಶದಲ್ಲಿ ನಡೆಸಿದ ದೊಡ್ಡ ಅಧ್ಯಯನದ ವರದಿ 2023ರಲ್ಲಿ ಪ್ರಕಟವಾಯಿತು. ಯೋಜನೆಯ ಕೂಲಿ ಸೋರದೆ ಸರಿಯಾಗಿ ಕೈಸೇರುವ ವ್ಯವಸ್ಥೆಯಾದ ಕಡೆ ಬಡ ಕುಟುಂಬಗಳ ಗಳಿಕೆ ಶೇ. 14ರಷ್ಟು ಏರಿತ್ತು. ಅಚ್ಚರಿಯೆಂದರೆ, ಆ ಏರಿಕೆಯಲ್ಲಿ ಶೇ. 86ರಷ್ಟು ಬಂದದ್ದು ಯೋಜನೆಯ ಹೊರಗಿನ ದುಡಿಮೆಯಿಂದ. ಸರಕಾರಿ ಕೆಲಸ ಖಚಿತವಾಗಿ ಸಿಗುತ್ತದೆಂದಾಗ ಹೊಲದ ಕೂಲಿಯನ್ನೂ ಹೆಚ್ಚಿಸಬೇಕಾಗುತ್ತದೆ.

ಎಲ್ಲರಿಗೂ ಒಂದೇ ಅಳತೆ

ಹಣ ಒದಗಿಸಿದ ವೃತ್ತಿ ತೆರಿಗೆಯ ಪಾಡೇನು? ಆದಾಯದ ಮೇಲಿನ ತೆರಿಗೆ ಕೇಂದ್ರಕ್ಕೆ ಸೇರಿದ್ದಾದ್ದರಿಂದ, ರಾಜ್ಯಗಳ ವೃತ್ತಿ ತೆರಿಗೆಗೆ ಸಂವಿಧಾನದ 276ನೇ ವಿಧಿ ಮಿತಿ ಹಾಕಿದೆ. ಮೊದಲು ವರ್ಷಕ್ಕೆ 250 ರೂ. ಇದ್ದ ಮಿತಿ 1988ರ ತಿದ್ದುಪಡಿಯಿಂದ 2,500 ರೂ. ಆಯಿತು. ಅಂದಿನಿಂದ ಅದು ಅಲ್ಲೇ ನಿಂತಿದೆ.

ಪರಿಣಾಮವನ್ನು ಲೆಕ್ಕ ಹಾಕಿ ನೋಡಬಹುದು. ತಿಂಗಳಿಗೆ 15,000 ರೂ. ಪಗಾರ ಪಡೆಯುವ ಕಾರ್ಮಿಕ ತನ್ನ ಪ್ರತಿ ನೂರು ರೂಪಾಯಿ ಗಳಿಕೆಯಲ್ಲಿ ಸುಮಾರು 1 ರೂ. 39 ಪೈಸೆ ಕೊಡುತ್ತಾನೆ. ತಿಂಗಳಿಗೆ 15 ಲಕ್ಷ ರೂ. ಪಡೆಯುವವರು ಕೊಡುವುದು ನೂರಕ್ಕೆ ಒಂದೂವರೆ ಪೈಸೆಗಿಂತಲೂ ಕಡಿಮೆ. ಇಲ್ಲದವರಿಗಾಗಿ ಹುಟ್ಟಿದ ತೆರಿಗೆಯ ಹೊರೆ ಕಡಿಮೆ ಗಳಿಸುವವರ ಮೇಲೆಯೇ ಹೆಚ್ಚು ಬೀಳುತ್ತಿದೆ. ಮಹಾರಾಷ್ಟ್ರವು 2023ರ ಏಪ್ರಿಲ್‌ನಿಂದ ತಿಂಗಳಿಗೆ 25,000 ರೂ.ವರೆಗೆ ಪಗಾರವಿರುವ ಮಹಿಳೆಯರಿಗೆ ವಿನಾಯಿತಿ ನೀಡಿದ್ದು ಸಮಾಧಾನದ ಸಂಗತಿ. ಕರ್ನಾಟಕದಲ್ಲಿ ಅದೇ ತಿಂಗಳಿನಿಂದ 25,000 ರೂ. ಒಳಗಿನ ಎಲ್ಲ ನೌಕರರಿಗೂ ವಿನಾಯಿತಿ ದೊರೆತಿದೆ. ಕೆಳಗಿನವರ ಹೊರೆ ಇಳಿಸಲು ರಾಜ್ಯಗಳಿಗೆ ಅಧಿಕಾರವಿದೆ, ಮೇಲಿನವರಿಂದ ಹೆಚ್ಚು ಪಡೆಯಲು ಇಲ್ಲ. ಮಿತಿಯನ್ನು 12,000 ರೂ.ಗೆ ಏರಿಸಬೇಕೆಂದು 14ನೇ ಹಣಕಾಸು ಆಯೋಗವೂ, 18,000 ರೂ.ಗೆ ಏರಿಸಬೇಕೆಂದು 15ನೇ ಆಯೋಗವೂ ಶಿಫಾರಸು ಮಾಡಿದ್ದವು. ಏರಿಸುವುದಾದರೆ ಎಲ್ಲರ ಮೇಲೂ ಒಂದೇ ಸಮನಾಗಿ ಹೇರದೆ, ಗಳಿಕೆಗೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ವಿಧಿಸಿದರೆ ಮಾತ್ರ ನ್ಯಾಯ.

ಮತ್ತೆ ಅದೇ ಪ್ರಶ್ನೆ

2005ರ ಕಾನೂನಿನಲ್ಲಿ ಕೂಲಿಯ ವೆಚ್ಚ ಕೇಂದ್ರದ ಹೊಣೆಯಾಗಿತ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಕಾನೂನು ಕೆಲಸದ ದಿನಗಳನ್ನು 125ಕ್ಕೆ ಏರಿಸಿದೆ. ಜತೆಗೆ ಬಹುತೇಕ ರಾಜ್ಯಗಳು ವೆಚ್ಚದ ಶೇ. 40 ಭಾಗ ಭರಿಸಬೇಕೆಂದು ವಿಧಿಸಿದೆ. ದಿನಗಳು ಹೆಚ್ಚಿದವು ನಿಜ, ಆದರೆ ಹಣವನ್ನು ಯಾರಿಂದ ತರುವುದು? 1975ರಲ್ಲಿ ಮಹಾರಾಷ್ಟ್ರದ ಮುಂದಿದ್ದ ಪ್ರಶ್ನೆಯೇ ಈಗ ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ ಎದುರಾಗಿದೆ. ಹಣ ಒದಗದಿದ್ದರೆ 1988ರ ನಂತರ ಆದಂತೆ ಖಾತರಿ ಸೊರಗುತ್ತದೆ, ನಾಕಾಗಳಲ್ಲಿ ಕಾಯುವ ಸಾಲು ಬೆಳೆಯುತ್ತದೆ.

ಮುಂದಿನ ಬಾರಿ ಪಗಾರ ಚೀಟಿ ಕೈಗೆ ಬಂದಾಗ ‘ಪಿ.ಟಿ.’ ಎಂಬ ಎರಡಕ್ಷರದ ಮೇಲೆ ಒಂದು ಕ್ಷಣ ಕಣ್ಣು ನಿಲ್ಲಲಿ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು, ಊರಿನಲ್ಲೇ ಉಳಿದವರ ಹೊಟ್ಟೆಪಾಡಿಗೆ ಸಲ್ಲಿಸಿದ ಪಾಲು ಅದು. ಆ ಪಾಲು ಎಲ್ಲಿಗೆ ಹೋಗುತ್ತಿದೆ, ಹೆಚ್ಚು ಉಳ್ಳವರೂ ತಮ್ಮ ಯೋಗ್ಯತೆಗೆ ತಕ್ಕಷ್ಟು ಕೊಡುತ್ತಿದ್ದಾರೆಯೇ ಎಂದು ಕೇಳುವ ಹಕ್ಕು ಕಟ್ಟಿದವರಿಗೆಲ್ಲ ಇದೆ.