ಕ್ಲೌಡ್ ಪ್ರಿಂಟರ್: ದೋಷವನ್ನು ಹುಡುಕುವ ಬಗೆ

ಧಾರವಾಡಕ್ಕೆ ಸಮೀಪದ ಗರಗ ಗ್ರಾಮವು ರಾಷ್ಟ್ರಧ್ವಜದ ಖಾದಿಗೆ ಹೆಸರಾದುದು. ಹತ್ತಿಯಿಂದ ನೂಲು, ನೂಲಿನಿಂದ ಬಟ್ಟೆ, ಬಟ್ಟೆಗೆ ಬಣ್ಣ, ಕೊನೆಗೆ ಹೊಲಿಗೆ, ಹೀಗೆ ಧ್ವಜದ ಕೆಲಸವು ಹಲವು ಕೈಗಳನ್ನು ದಾಟುತ್ತದೆ. ಸಿದ್ಧವಾದ ಧ್ವಜದಲ್ಲಿ ಕುಂದು ಕಂಡರೆ ಮಗ್ಗವನ್ನೇ ದೂರುವುದು ನ್ಯಾಯವಲ್ಲ. ಅದು ಯಾವ ಹಂತದಲ್ಲಿ ಹುಟ್ಟಿತೆಂದು ಅರಸಬೇಕು. ಕಚೇರಿಯ ಕಂಪ್ಯೂಟರಿಗೆ ಕ್ಲೌಡ್ ಪ್ರಿಂಟರನ್ನು ಅಳವಡಿಸುವಾಗ ತೊಡಕು ಬಂದರೆ ಮಾಡಬೇಕಾದುದೂ ಇದನ್ನೇ.

ಹಳೆಯ ಪದ್ಧತಿಯಲ್ಲಿ ಕಂಪ್ಯೂಟರಿಗೂ ಪ್ರಿಂಟರಿಗೂ ನಡುವೆ ಒಂದು ತಂತಿಯಿದ್ದರೆ ಸಾಕಾಗಿತ್ತು. ಹೊಸ ಪದ್ಧತಿಯಲ್ಲಾದರೋ, ಬರಹವು ಇಂಟರ್ನೆಟ್ಟಿನ ಮೂಲಕ ದೂರದ ಸರ್ವರನ್ನು ತಲುಪಿ, ಅಲ್ಲಿ ಸರತಿಯಲ್ಲಿ ನಿಂತು, ಬಳಿಕ ಪಕ್ಕದ ಮೇಜಿನ ಮೇಲಿರುವ ಪ್ರಿಂಟರಿಗೇ ಮರಳಿ ಬರುತ್ತದೆ! ಇಷ್ಟು ಸುತ್ತಿದರೆ ತಡವಾಗದೆ? ಗಾಜಿನ ತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. ಎಂದರೆ 1000 ಕಿಲೋಮೀಟರಿಗೆ ಬೇಕಾಗುವುದು ಸೆಕೆಂಡಿನ ಇನ್ನೂರನೆಯ ಒಂದು ಭಾಗ ಮಾತ್ರ. ಪುಟವು ಹತ್ತು ನಿಮಿಷವಾದರೂ ಬಾರದಿದ್ದರೆ ಕಾರಣವು ದೂರವಲ್ಲ, ಹಾದಿಯ ಯಾವುದೋ ಒಂದು ಕೊಂಡಿ.

ಆ ಕೊಂಡಿಯನ್ನು ಹುಡುಕುವುದು ಹೇಗೆ? ವಿದ್ಯುನ್ಮಂಡಲವನ್ನು ಪರೀಕ್ಷಿಸುವ ವಿದ್ಯಾರ್ಥಿಯಂತೆ ನಡುವಿನಿಂದ ತೊಡಗುವುದು ಲೇಸು. ಪ್ರತಿ ಪರೀಕ್ಷೆಯೂ ಸಂದೇಹವನ್ನು ಅರ್ಧಕ್ಕೆ ಇಳಿಸಿದರೆ, ಎಂಟು ಕೊಂಡಿಗಳಲ್ಲಿ ಕೆಟ್ಟ ಒಂದನ್ನು ಮೂರೇ ಪರೀಕ್ಷೆಗಳಲ್ಲಿ ಗುರುತಿಸಬಹುದು. ಮೊದಲು ಅದೇ ಖಾತೆಯಿಂದ, ಬೇರೊಂದು ಕಂಪ್ಯೂಟರಿನಲ್ಲಿ ಒಂದು ಪುಟವನ್ನು ಕಳುಹಿಸಿ ನೋಡಿ.

ಪುಟ ಬಂದಿತೆನ್ನಿ. ಆಗ ಖಾತೆ, ಸರ್ವರು, ಪ್ರಿಂಟರು ಮೂರೂ ನಿರ್ದೋಷಿಗಳು. ದೋಷ ಮೊದಲಿನ ಕಂಪ್ಯೂಟರಿನಲ್ಲಿದೆ. ಅದರ ಗಡಿಯಾರವನ್ನು ನೋಡಿರಿ. ದಿನಾಂಕ ತಪ್ಪಿದ್ದರೆ ಸರ್ವರಿನ ಗುರುತುಪತ್ರವು ಅವಧಿ ಮೀರಿದಂತೆ ತೋರಿ, ಸಂಪರ್ಕವೇ ಕಡಿದುಹೋಗುತ್ತದೆ. ಬಳಿಕ, ಮುದ್ರಣದ ಸರತಿಯನ್ನು ನಡೆಸುವ ಸ್ಪೂಲರನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿ ನೋಡಬೇಕು.

ಪುಟ ಬಾರದಿದ್ದರೆ ಆಚೆಯ ಭಾಗವನ್ನು ಶೋಧಿಸಬೇಕು. ಪ್ರಿಂಟರಿಗೆ ವೈಫೈ ದೊರೆಯುತ್ತಿದೆಯೆ? 2021ರಲ್ಲಿ ಬಳಕೆಗೆ ಬಂದ ಮೈಕ್ರೋಸಾಫ್ಟಿನ ಯೂನಿವರ್ಸಲ್ ಪ್ರಿಂಟ್ ಸೇವೆಯಲ್ಲಿ ಪ್ರಿಂಟರನ್ನು ನೋಂದಾಯಿಸುವುದು ಒಂದು ಕೆಲಸ, ಬಳಕೆದಾರರೊಡನೆ ಹಂಚಿಕೊಳ್ಳುವುದು ಇನ್ನೊಂದು. ಎರಡನೆಯದು ಆಗದಿದ್ದರೆ ಪಟ್ಟಿಯಲ್ಲಿ ಪ್ರಿಂಟರಿನ ಹೆಸರೇ ಕಾಣದು. ಸೇವೆಯೇ ನಿಂತುಹೋಗಿರುವುದೂ ಉಂಟು: 2010ರಲ್ಲಿ ಹುಟ್ಟಿದ ಗೂಗಲ್ ಕ್ಲೌಡ್ ಪ್ರಿಂಟ್ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಅದನ್ನೇ ನೆಚ್ಚಿದ್ದ ಹಳೆಯ ಪ್ರಿಂಟರಿಗೆ ಬೇರೆ ದಾರಿಯನ್ನೇ ಹುಡುಕಬೇಕು.

ಇನ್ನು, ಡ್ರೈವರನ್ನು ಅಳವಡಿಸಲು ವಿಂಡೋಸ್ ಆಡಳಿತಗಾರರ ಅನುಮತಿಯನ್ನು ಕೇಳಿದರೆ ಅದನ್ನು ದೋಷವೆಂದು ಎಣಿಸಬಾರದು. 2021ರಲ್ಲಿ ವಿಂಡೋಸ್ ಸ್ಪೂಲರಿನಲ್ಲಿಯೇ ಒಂದು ಗಂಭೀರ ಬಿರುಕು ಪತ್ತೆಯಾಯಿತು; ಅದರ ಮೂಲಕ ಪರರು ಇಡೀ ಕಂಪ್ಯೂಟರನ್ನು ವಶಪಡಿಸಿಕೊಳ್ಳಬಹುದಾಗಿತ್ತು. ಆ ವರ್ಷದ ಆಗಸ್ಟಿನಲ್ಲಿ ಹಾಕಿದ ಬೀಗವಿದು. ದಾಖಲೆಯೊಂದಕ್ಕಾಗಿ ಕಾದು ನಿಂತವರು ಎದುರಿಗಿರುವಾಗ ಬೀಗವನ್ನು ಮುರಿಯುವ ಮನಸ್ಸಾಗುವುದು ಸಹಜ. ಆದರೆ ಆ ಕಂಪ್ಯೂಟರಿನಲ್ಲಿರುವುದು ಕಾದು ನಿಂತವರ ದಾಖಲೆಗಳೇ ಅಲ್ಲವೆ? ಅಧಿಕಾರವುಳ್ಳವರನ್ನು ಕರೆಯುವುದೇ ಸರಿಯಾದ ಮಾರ್ಗ. ಕರೆಯುವಾಗ, ಯಾವ ಪರೀಕ್ಷೆಗೆ ಯಾವ ಫಲ ಬಂದಿತೆಂಬುದನ್ನು ಬರೆದುಕೊಟ್ಟರೆ ಅವರ ಅರ್ಧ ಕೆಲಸ ಮುಗಿದಂತೆಯೇ.