ಕಿಡಿಯಿಲ್ಲದ ಬೆಂಕಿ: ಡೀಸೆಲ್ ಲಾರಿಯ ಹೊಸ ಒಡೆಯರಿಗೆ

ನಮ್ಮ ವಿದ್ಯಾರ್ಥಿಯೊಬ್ಬನ ಮನೆಗೆ ಈಚೆಗೆ ಡೀಸೆಲ್ ಲಾರಿಯೊಂದು ಬಂದಿತು. ಅಡಕೆ ತೋಟದ ಮೇಲೆ ಸಾಲ ತೆಗೆದು ಅವನ ತಂದೆಯವರು ಅದನ್ನು ಕೊಂಡಿದ್ದರು. ಅದುವರೆಗೆ ಅವರಿಗೆ ಬಳಕೆಯಿದ್ದುದು ಪೆಟ್ರೋಲಿನ ವಾಹನ ಮಾತ್ರ. ಪೂಜೆ ಮುಗಿದೊಡನೆ ಎಂಜಿನ್ನನ್ನು ಬಗ್ಗಿ ನೋಡಿ ಅವರು ನಮ್ಮನ್ನು ಕೇಳಿದ ಮೊದಲ ಪ್ರಶ್ನೆ: “ಇದಕ್ಕೆ ಸ್ಪಾರ್ಕ್ ಪ್ಲಗ್ಗೇ ಇಲ್ಲವಲ್ಲ ಮೇಷ್ಟ್ರೆ, ಬೆಂಕಿ ಹೊತ್ತಿಸುವವರು ಯಾರು?” ಈ ಪ್ರಶ್ನೆಗೆ ಉತ್ತರವನ್ನು ಅರಿತರೆ, ಲಾರಿಯ ಆರೈಕೆಯಲ್ಲಿ ಒಡೆಯನು ತಿಳಿಯಬೇಕಾದುದರ ಬಹುಪಾಲನ್ನು ಅರಿತಂತೆಯೇ ಸರಿ.

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ವಾಚಕರು ಬಲ್ಲರು. ಗಾಳಿಯನ್ನು ಥಟ್ಟನೆ ಅದುಮಿದರೆ ಅದರ ಉಷ್ಣತೆ ಏರುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ನು ಗಾಳಿಯನ್ನು ಮೂಲ ಗಾತ್ರದ ಸುಮಾರು 17ರಲ್ಲಿ ಒಂದು ಪಾಲಿಗೆ ಅದುಮುವುದು. ಆಗ ಗಾಳಿಯ ಉಷ್ಣತೆ 500 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಆ ಗಾಳಿಯೊಳಕ್ಕೆ ಮಂಜಿನಂತೆ ಚಿಮ್ಮಿದ ಡೀಸೆಲ್ ಕಿಡಿಯ ಹಂಗಿಲ್ಲದೆ ತಾನೇ ಹೊತ್ತಿಕೊಳ್ಳುವುದು. ರುಡಾಲ್ಫ್ ಡೀಸೆಲ್ ಎಂಬ ಎಂಜಿನಿಯರನು 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿ ಯಶಸ್ವಿಯಾಗಿ ನಡೆಸಿ ತೋರಿದ ಎಂಜಿನ್ನಿನ ತತ್ತ್ವ ಇದೇ.

ಹೀಗಿರುವಾಗ ಈ ಎಂಜಿನ್ನಿಗೆ ಗಾಳಿಯೂ ಒಂದು ಆಹಾರವೇ. ಒಂದು ಲೀಟರು ಡೀಸೆಲ್ ಉರಿಯಬೇಕಾದರೆ ಕಡಿಮೆಯೆಂದರೂ 10,000 ಲೀಟರು ಗಾಳಿ ಬೇಕು. ದಿನಕ್ಕೆ 50 ಲೀಟರು ಸುಡುವ ಲಾರಿ 5 ಲಕ್ಷ ಲೀಟರಿಗೂ ಮಿಕ್ಕಿ ಗಾಳಿಯನ್ನು ಸೇದುವುದು. ಕಲ್ಲುಪುಡಿಯ ಕ್ವಾರಿಯಲ್ಲಿಯೋ ಮಣ್ಣುರಸ್ತೆಯಲ್ಲಿಯೋ ದುಡಿಯುವ ಲಾರಿಯ ಏರ್ ಫಿಲ್ಟರು ಎಷ್ಟು ಬೇಗ ಕಟ್ಟಿಕೊಂಡೀತೆಂಬುದನ್ನು ಇದರಿಂದ ಊಹಿಸಬಹುದು. ಹಳೆಯ ಲಾರಿ ಏರಿನಲ್ಲಿ ಕರಿಹೊಗೆಯುಗುಳಿದರೆ ಅದು ಎಂಜಿನ್ನಿನ ಬಲವನ್ನು ಸೂಚಿಸುವುದೆಂದು ಹೆಮ್ಮೆಪಡುವವರುಂಟು. ವಾಸ್ತವವಾಗಿ ಅದು ಗಾಳಿ ಸಾಲದೆ ಅರೆಬೆಂದ ಡೀಸೆಲ್. ಒಡೆಯನ ಹಣವೇ ಹೊಗೆಯಾಗಿ ಹೋಗುತ್ತಿರುವುದು.

ಇನ್ನು ನೀರಿನ ಮಾತು. ಡೀಸೆಲನ್ನು ಚಿಮ್ಮಿಸುವ ಪಂಪಿನ ಭಾಗಗಳ ನಡುವಣ ಸಂದು ಮಿಲಿಮೀಟರಿನ ಸಾವಿರದ ಕೆಲವೇ ಪಾಲುಗಳಷ್ಟು. ಇಂದಿನ ಲಾರಿಗಳಲ್ಲಿ ಅಲ್ಲಿಯ ಒತ್ತಡ ವಾಯುಮಂಡಲದ ಒತ್ತಡಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು. ಈ ಭಾಗಗಳಿಗೆ ಬೇಕಾದ ಜಿಡ್ಡನ್ನು ಒದಗಿಸುವುದು ಡೀಸೆಲ್ಲೇ. ಅಲ್ಲಿಗೆ ನೀರು ಬಂದರೆ ಜಿಡ್ಡು ತಪ್ಪಿ ಲೋಹವು ಲೋಹವನ್ನು ಉಜ್ಜುವುದು, ತುಕ್ಕೂ ಹಿಡಿಯುವುದು. ನೀರು ಬರುವುದಾದರೂ ಎಲ್ಲಿಂದ? ಅರ್ಧ ಬರಿದಾದ ಟ್ಯಾಂಕಿನಲ್ಲಿ ಉಳಿದರ್ಧ ತೇವದ ಗಾಳಿಯಿರುತ್ತದೆ. ರಾತ್ರಿ ಟ್ಯಾಂಕು ತಣ್ಣಗಾದಾಗ ಆ ತೇವವು ಒಳಗೋಡೆಯ ಮೇಲೆ ಹನಿಗಟ್ಟಿ, ಡೀಸೆಲಿಗಿಂತ ಭಾರವಾದುದರಿಂದ ತಳಕ್ಕೆ ಇಳಿಯುವುದು. ಆದುದರಿಂದ ಮಲೆನಾಡಿನಲ್ಲಿ, ಕರಾವಳಿಯಲ್ಲಿ, ಮಳೆಗಾಲದಲ್ಲಂತೂ ತಪ್ಪದೆ, ಟ್ಯಾಂಕನ್ನು ಸಂಜೆಯೇ ತುಂಬಿಸಿಡುವುದು ಲೇಸು. ನೀರನ್ನು ಬೇರ್ಪಡಿಸುವ ಫಿಲ್ಟರಿನ ಕೆಳಗೊಂದು ತಿರುಪಿರುತ್ತದೆ. ಬೆಳಗ್ಗೆ ಅದನ್ನು ಸಡಿಲಿಸಿ, ಬರಿಯ ಡೀಸೆಲ್ ಬರುವವರೆಗೆ ಒಂದು ಬಟ್ಟಲಿಗೆ ಹರಿಯಬಿಡಬೇಕು. ಎರಡು ನಿಮಿಷದ ಕೆಲಸ. ಪಂಪು ಕೆಟ್ಟರೆ ತಗಲುವ ವೆಚ್ಚದಲ್ಲಿ ಸಾಲದ ಒಂದೆರಡು ಕಂತುಗಳೇ ಕರಗಿಹೋದಾವು.

ಟ್ಯಾಂಕನ್ನು ಪೂರ್ತಿ ಒಣಗಿಸುವುದೂ ಕೂಡದು. ಪೆಟ್ರೋಲಿನ ಗಾಡಿಯಾದರೆ ಸುರಿದು ಚಾಲೂ ಮಾಡಬಹುದು. ಇಲ್ಲಿ ಕೊಳವೆಯೊಳಗೆ ಗಾಳಿ ಹೊಕ್ಕರೆ ಪಂಪು ಆ ಗಾಳಿಯನ್ನು ಅದುಮುತ್ತಿರುವುದೇ ಹೊರತು ಡೀಸೆಲ್ ಮುಂದಕ್ಕೆ ಹೋಗದು. ಕೈಪಂಪಿನಿಂದ ಗಾಳಿಯನ್ನು ಹೊರದೂಡದೆ ಸ್ಟಾರ್ಟರನ್ನೇ ಒತ್ತುತ್ತಿದ್ದರೆ ಬ್ಯಾಟರಿ ಸೋಲುವುದಷ್ಟೇ ಫಲ.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಲಾರಿಗಳಲ್ಲಿ ನೀಲಿ ಮುಚ್ಚಳದ ಎರಡನೆಯ ಟ್ಯಾಂಕೊಂದಿರುತ್ತದೆ. ಅದರಲ್ಲಿರುವುದು ನೂರಕ್ಕೆ 32.5 ಪಾಲು ಯೂರಿಯಾ ಬೆರೆತ ಶುದ್ಧ ನೀರು. ಹೊಗೆಯಲ್ಲಿನ ಸಾರಜನಕದ ಆಕ್ಸೈಡುಗಳನ್ನು ಸಾರಜನಕವಾಗಿಯೂ ನೀರಾವಿಯಾಗಿಯೂ ಮಾರ್ಪಡಿಸುವ ದ್ರವ. ಗದ್ದೆಗೆ ತಂದ ಯೂರಿಯಾವನ್ನೇ ಕದಡಿ ಸುರಿಯುವ ಜಾಣತನ ಬೇಡ. ಅದರ ಕಶ್ಮಲಗಳು ಹೊಗೆ ಶುದ್ಧಿಯ ಉಪಕರಣವನ್ನು ಹಾಳುಗೆಡಹುತ್ತವೆ. ತಪ್ಪಿ ಈ ದ್ರವವನ್ನು ಡೀಸೆಲ್ ಟ್ಯಾಂಕಿಗೆ ಹಾಕಿದಲ್ಲಿ ಕೀಲಿಯನ್ನೇ ತಿರುಗಿಸದೆ ಮೆಕ್ಯಾನಿಕ್ಕನ್ನು ಕರೆಸತಕ್ಕದ್ದು.

ಇಷ್ಟೂ ಹಣದ ವಿಷಯವಾಯಿತು. ಪ್ರಾಣದ ವಿಷಯವಿರುವುದು ಘಾಟಿಯಲ್ಲಿ. ಸರಕು ಸೇರಿ 16 ಟನ್ ತೂಗುವ ಲಾರಿಯೊಂದು ಶಿರಾಡಿಯಂಥ ಘಾಟಿಯಲ್ಲಿ 500 ಮೀಟರಿನಷ್ಟು ಕೆಳಗಿಳಿಯುವುದೆಂದು ಇಟ್ಟುಕೊಳ್ಳೋಣ. ಅದು ಕಳೆದುಕೊಳ್ಳಬೇಕಾದ ಶಕ್ತಿ, ಸುಮಾರು 250 ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ಏರಿಸಬಲ್ಲುದು. ಬ್ರೇಕೊಂದನ್ನೇ ನಂಬಿದರೆ ಈ ಶಾಖವೆಲ್ಲ ಚಕ್ರಗಳ ಡ್ರಮ್ಮುಗಳಲ್ಲಿ ಸೇರುವುದು. ಕಾದ ಲೈನಿಂಗು ಘರ್ಷಣೆಯನ್ನು ಕಳೆದುಕೊಳ್ಳುವುದು. ಆಗ ಪೆಡಲನ್ನು ಎಷ್ಟು ತುಳಿದರೂ ಲಾರಿ ನಿಲ್ಲದು.

ಇದನ್ನು ತಪ್ಪಿಸುವ ಉಪಾಯವೆಂದರೆ ಎಂಜಿನ್ನಿನಿಂದಲೇ ತಡೆಯುವುದು. ಘಾಟಿಯನ್ನು ಯಾವ ಗೇರಿನಲ್ಲಿ ಹತ್ತುವೆವೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು ಹಳೆಯ ಡ್ರೈವರುಗಳ ನಿಯಮ. ಭೌತಶಾಸ್ತ್ರವೂ ಅದನ್ನು ಒಪ್ಪುತ್ತದೆ. ಇಳಿಜಾರು ಶುರುವಾಗುವ ಮುನ್ನವೇ ಆ ಗೇರಿಗೆ ಬರಬೇಕು. ಹೊಗೆಕೊಳವೆಯನ್ನು ಮುಚ್ಚಿ ಎಂಜಿನ್ನಿಗೆ ತಡೆಯೊಡ್ಡುವ ಎಕ್ಸಾಸ್ಟ್ ಬ್ರೇಕಿದ್ದರೆ ಅದನ್ನೂ ಬಳಸಬೇಕು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ಲಿನಲ್ಲಿ ಇಳಿಸುವವರನ್ನು ನಾವು ಕಂಡಿದ್ದೇವೆ. ಅದರಲ್ಲಿ ಉಳಿತಾಯವೂ ಇಲ್ಲ. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂದಿನ ಎಂಜಿನ್ನು ಡೀಸೆಲನ್ನು ಚಿಮ್ಮಿಸುವುದನ್ನೇ ನಿಲ್ಲಿಸುವುದು. ಚಕ್ರಗಳೇ ಅದನ್ನು ತಿರುಗಿಸುತ್ತವೆ. ನ್ಯೂಟ್ರಲ್ಲಿನಲ್ಲಾದರೋ ಎಂಜಿನ್ನು ತನ್ನನ್ನು ತಾನು ತಿರುಗಿಸಿಕೊಳ್ಳಲು ಡೀಸೆಲನ್ನು ಸುಡಲೇಬೇಕು. ಎಂಜಿನ್ನನ್ನೇ ಆರಿಸಿದರಂತೂ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರು ನಿಂತುಹೋಗುವುದು. ಮುಂದೆ ಪ್ರತಿಯೊಂದು ತುಳಿತವೂ ಉಗ್ರಾಣದಲ್ಲಿ ಮಿಕ್ಕ ಗಾಳಿಯನ್ನು ಕರಗಿಸುತ್ತ ಹೋಗುವುದು, ಸ್ಟಿಯರಿಂಗೂ ಬಿಗಿಯುವುದು.

ಲೈನಿಂಗು ಸುಟ್ಟ ವಾಸನೆ ಬಂದರೆ, ಬ್ರೇಕು ಇನ್ನೂ ಹಿಡಿಯುತ್ತಿರುವಾಗಲೇ ಅಗಲವಾದ ಸಮತಟ್ಟು ಜಾಗದಲ್ಲಿ ಲಾರಿಯನ್ನು ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಡಬೇಕು. ಅವಸರದಿಂದ ಡ್ರಮ್ಮಿಗೆ ನೀರೆರಚಬಾರದು. ಕಾದ ಎರಕದ ಕಬ್ಬಿಣ ಬಿರಿಯಬಹುದು. ಅದು ಗಾಳಿಗೆ ತಾನಾಗಿಯೇ ಆರಲಿ. ಹೊರಡುವಾಗ ಆ ಕಲ್ಲುಗಳನ್ನು ರಸ್ತೆಯಿಂದಾಚೆಗೆ ಎತ್ತಿಡುವುದನ್ನು ಮರೆಯಬಾರದು. ಹಿಂದೆ ಬರುವ ಮೋಟಾರು ಸೈಕಲ್ಲಿನವನಿಗೆ ಕತ್ತಲಲ್ಲಿ ಅವು ಕಾಣಿಸಲಾರವು.