ಒಂದು ತಟ್ಟೆ ಒಗ್ಗರಣೆ, ಒಂದೇ ಬೆಂಚು

ತುಂಗಭದ್ರೆಯ ದಡದ ಕೆಂಚನಗುಡ್ಡವನ್ನು ನೋಡಲೆಂದು ನೀವು ಬೆಳಿಗ್ಗೆ ಸಿರುಗುಪ್ಪದಲ್ಲಿ ಬಸ್ಸಿಳಿದರೆ, ಮೊದಲು ಕರೆಯುವುದು ಹೋಟೆಲಿನ ಒಗ್ಗರಣೆಯ ಘಮ. ಬಳ್ಳಾರಿ ಸೀಮೆಯ ಮೆಚ್ಚಿನ ಫಲಾಹಾರವೆಂದರೆ ಮಂಡಕ್ಕಿ ಒಗ್ಗರಣೆ, ಜೊತೆಗೆ ಬಿಸಿ ಮಿರ್ಚಿ.

ಬತ್ತವನ್ನು ಬೇಯಿಸಿ ಒಣಗಿಸಿ, ಅಕ್ಕಿ ಮಾಡಿ, ಕಾದ ಮರಳಿನಲ್ಲಿ ಹುರಿದಾಗ ಅರಳುವುದೇ ಮಂಡಕ್ಕಿ. ಅಡಿಗೆಯವನು ಅದನ್ನು ನೀರಿನಲ್ಲಿ ಅದ್ದಿ ಕೂಡಲೆ ಹಿಂಡಿ ತೆಗೆಯುತ್ತಾನೆ. ತಡವಾದರೆ ಮುದ್ದೆಯಾದೀತು, ಬೇಗ ತೆಗೆದರೆ ಬೆಂಡಾಗಿಯೇ ಉಳಿದೀತು. ಆಮೇಲೆ ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನದ ಒಗ್ಗರಣೆ. ಮೇಲೆ ಪುಟಾಣಿ ಪುಡಿ. ಬೇಯುವ ಕೆಲಸ ಭಟ್ಟಿಯಲ್ಲೇ ಮುಗಿದಿರುವುದರಿಂದ ಹೋಟೆಲಿನಲ್ಲಿ ಕೆಲವೇ ನಿಮಿಷ ಸಾಕು. ಹೊಲಕ್ಕೆ ಹೊರಟವನಿಗೂ ಕಚೇರಿಗೆ ಹೊರಟವನಿಗೂ ಇದು ಒಗ್ಗಿದ್ದು ಹೀಗೆ.

ಆದರೆ ಅವರಿಬ್ಬರೂ ಒಂದೇ ಬೆಂಚಿನಲ್ಲಿ ಕೂಡುವುದು ತಾನಾಗಿ ಬಂದದ್ದಲ್ಲ. ಜಾತಿಯ ಹೆಸರಿನಲ್ಲಿ ಕೆಲವರನ್ನು ಹೊರಗೆ ನಿಲ್ಲಿಸಿ, ಬೇರೆ ಲೋಟದಲ್ಲಿ ಚಹಾ ಕೊಡುತ್ತಿದ್ದ ಹೋಟೆಲುಗಳು ನಮ್ಮ ನಾಡಿನಲ್ಲಿ ಇದ್ದವು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಹೋಟೆಲುಗಳನ್ನು ಹೆಸರಿಸಿಯೇ ಈ ಭೇದವನ್ನು ನಿಷೇಧಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅದಕ್ಕೆ ಶಿಕ್ಷೆಯನ್ನು ವಿಧಿಸಿತು. ಆದರೂ ಎರಡು ಲೋಟದ ಪದ್ಧತಿ ಎಲ್ಲ ಕಡೆಯೂ ಅಳಿದಿಲ್ಲ.

ಮುಂದಿನ ಸಲ ಹೋಟೆಲಿಗೆ ಹೋದಾಗ ರುಚಿಯೊಂದನ್ನೇ ನೋಡಬೇಡಿರಿ. ಎಲ್ಲರ ಲೋಟವೂ ಒಂದೇ ಗೂಡಿನಿಂದ ಬರುತ್ತದೆಯೆ, ನೋಡಿರಿ. ಬಾರದಿದ್ದರೆ ಗಲ್ಲಾದ ಮುಂದೆ ನಿಂತು ಕಾರಣ ಕೇಳಿರಿ. ಒಳಗೆ ಕುಳಿತು ತಿನ್ನುವವರು ಕೇಳಿದಾಗಲೇ ಕಾಯಿದೆಗೆ ಬಲ ಬರುವುದು.